ಒಂದು ಹನಿ ಕ್ಷಾರ

ಫ್ಲಾಸ್ಕಿನ ಹತ್ತಿಯ ಬಿರಡೆಯನ್ನು ಕಿರುಬೆರಳಿಗೆ ಸಿಕ್ಕಿಸಿ ಎಳೆದೊಡನೆ ಆ ವಾಸನೆ ಬಂತು. ನೀರು ಬತ್ತಿದ ಮಣ್ಣಿನ ಕೊಡದೊಳಗೆ ಮುಖ ಹಾಕಿದಂತೆ. ಮಳೆ ನಿಂತ ಮೇಲೆ ಹಿತ್ತಲಿನ ಕಲ್ಲೊಂದನ್ನು ಮಗುಚಿದಾಗ ಅಡಿಯಿಂದ ಮೂಗಿಗೆ ಅಡರಿದಂತೆ. ಅವಳ ಬಾಲ್ಯವೆಲ್ಲ ಈ ವಾಸನೆಯಲ್ಲೇ ಕಳೆದಿತ್ತು. ಬಚ್ಚಲುಮನೆಯ ಕಿಟಕಿಯಿಂದ ಬಿಸಿಲು ಬೀಳದೆ ಬರೀ ಬೆಳಕು ಬರುತ್ತದೆಂದು ಅಪ್ಪ ಪಾಚಿಯ ಬಾಟಲಿಗಳನ್ನೆಲ್ಲ ಅಲ್ಲೇ ಹಲಗೆಯ ಮೇಲೆ ಜೋಡಿಸಿಟ್ಟಿದ್ದರು. ಕಣ್ಣಿಗೆ ಸೋಪು ಹೋಗಿ ಏನೂ ಕಾಣದಿದ್ದಾಗಲೂ ಅವು ಅಲ್ಲಿವೆಯೆಂದು ಮೂಗಿಗೆ ತಿಳಿಯುತ್ತಿತ್ತು. "ನೀರು ಹಾರಿಸ್ಬೇಡ್ವೇ ಹುಡುಗಿ, ನನ್ನ ಸವತಿಗೆ ಶೀತ ಆದ್ರೆ ನಿಮ್ಮಪ್ಪಂಗೆ ನಿದ್ದೆ ಬರೋಲ್ಲ," ಎಂದು ಅಮ್ಮ ಹೊರಗಿನಿಂದ ಕೂಗುತ್ತಿದ್ದಳು.

ಈಗ ಆ ಸವತಿಯ ಸಂತಾನ ಪ್ರಯೋಗಾಲಯದ ಮೇಜಿನ ಮೇಲೆ, ಮೂರು ಗಾಜಿನ ಫ್ಲಾಸ್ಕುಗಳಲ್ಲಿ ಅವಳೆದುರು ಕುಳಿತಿತ್ತು. ಅವಳು ಒಂದೊಂದನ್ನೇ ಎತ್ತಿ ಟ್ಯೂಬ್‌ಲೈಟಿಗೆ ಹಿಡಿದು ನೋಡಿದಳು. ಮೊದಲನೆಯದು, ಏನೂ ಹಾಕದೆ ಬೆಳೆಸಿದ್ದು, ತೊಳೆದ ಎಲೆಯಂತೆ ತೆಳುಹಸಿರಾಗಿತ್ತು. ಎರಡನೆಯದು, ಹಾರ್ಮೋನು ಹಾಕಿದ್ದು, ಬೆಳಕನ್ನೇ ಆಚೆ ಬಿಡದಷ್ಟು ದಟ್ಟವಾಗಿತ್ತು. ಮೂರನೆಯದರಲ್ಲಿ ಹಾರ್ಮೋನಿನ ಸುಳಿವೂ ಇರಲಿಲ್ಲ. ಹಾರ್ಮೋನು ಕರಗಿಸಲು ಬಳಸುವ ಕ್ಷಾರದ ಒಂದೇ ಒಂದು ಹನಿ ಇತ್ತು. ಅದೂ ಅಷ್ಟೇ ದಟ್ಟ ಹಸಿರು.

ಎರಡನೆಯದನ್ನೂ ಮೂರನೆಯದನ್ನೂ ಅದಲುಬದಲು ಮಾಡಿಟ್ಟರೆ ಅವಳಿಗೇ ಗುರುತು ಸಿಗುತ್ತಿರಲಿಲ್ಲ.

"ಬಣ್ಣ ಅಳೆಯೋ ಯಂತ್ರಕ್ಕೆ ಇಟ್ಟು ನೋಡಿದ್ಯಾ ಅಕ್ಕ?" ಪಕ್ಕದ ಮೇಜಿನವನು ಕೇಳಿದ. ಉದ್ದಕ್ಕೆ ಸಣ್ಣಗೆ ಇದ್ದು ತುದಿಯಲ್ಲಿ ಮೂಗು ಮಾತ್ರ ಚೂಪಾಗಿದ್ದುದರಿಂದ ಇಡೀ ವಿಭಾಗದಲ್ಲಿ ಅವನಿಗೆ ದ್ರವ ಹೀರಿ ಅಳೆಯುವ ಗಾಜಿನ ನಳಿಗೆಯ ಹೆಸರೇ ಅಂಟಿತ್ತು, ಪಿಪೆಟ್ಟು.

"ಯಂತ್ರಾನೂ ಅದೇ ಹೇಳುತ್ತೆ. ಕಣ್ಣು ಕುರುಡಾಗಿದ್ರೂ ಕಾಣ್ಸುತ್ತೆ."

ಪಿಪೆಟ್ಟು ಎದ್ದು ಬಂದು ಬಗ್ಗಿ ನೋಡಿದ. "ಕ್ಷಾರ ಮಾತ್ರ ಹಾಕಿದ್ದು ಒಂದು ಇಡೋಣ, ಇಲ್ಲಾಂದ್ರೆ ಜರ್ನಲ್‌ನಲ್ಲಿ ಪೇಪರ್ ನೋಡೋರು ಮೊದಲು ಅದನ್ನೇ ಕೇಳ್ತಾರೆ ಅಂದವನು ನಾನೇ. ನನ್ನ ಬಾಯಿಗೆ ಮಣ್ಣು ಬೀಳ."

"ನೀನು ಅನ್ನದೇ ಇದ್ರೆ ಪಾಚಿ ಸುಳ್ಳು ಹೇಳ್ತಿತ್ತಾ?"

"ಹಾಗಲ್ಲ... ಕ್ಷಾರದಿಂದ ಬೆಳವಣಿಗೆ ಹೆಚ್ಚುತ್ತೆ ಅಂತಾನೇ ಬರೀಬಹುದಲ್ಲ? ನಿಮ್ಮಪ್ಪ ಮೇಷ್ಟ್ರ ಹೆಸರು ಹಾಕಿ?"

"ಸೂರ್ಯ ಪೂರ್ವದಲ್ಲಿ ಹುಟ್ತಾನೆ ಅಂತ ಪೇಪರ್ ಬರೆದ ಹಾಗೆ ಆಗುತ್ತೆ," ಎಂದು ಅವಳು ನಕ್ಕಳು. ನಗು ಅರ್ಧಕ್ಕೇ ನಿಂತಿತು.

ನೀಲಿ-ಹಸಿರು ಪಾಚಿಗೆ ಸ್ವಲ್ಪ ಕ್ಷಾರದ ನೀರೇ ಹಿತ ಎನ್ನುವುದು ಹೊಸ ಸಂಗತಿಯಲ್ಲ. ಅಪ್ಪನೇ ವರ್ಷವರ್ಷವೂ ತರಗತಿಯಲ್ಲಿ ಹೇಳುತ್ತಿದ್ದ ಮಾತು ಅದು. ಕಾಲೇಜಿನ ಮಕ್ಕಳು ಅವರನ್ನು ಪಾಚಿ ಮೇಷ್ಟ್ರು ಎಂದು ಕರೆಯುತ್ತಿದ್ದರು. ಅದು ತಮ್ಮ ಕಿವಿಗೂ ಬಿದ್ದಾಗ ಅವರು ಕೋಪಿಸಿಕೊಳ್ಳದೆ, "ಪಾಚಿ ಇಲ್ದಿದ್ರೆ ನೀವು ಉಸಿರಾಡೋ ಗಾಳಿ ಎಲ್ಲಿರ್ತಿತ್ತು, ನೋಡಿ ಕತ್ತೆಗಳಾ," ಎಂದಿದ್ದರಂತೆ. ಪಾಠ, ಪರೀಕ್ಷೆ, ಪತ್ರಿಕೆ ತಿದ್ದುವುದು ಇವುಗಳ ನಡುವೆ ಉಳಿದ ಹೊತ್ತಿನಲ್ಲಿ ಬಚ್ಚಲುಮನೆಯೇ ಅವರ ಸಂಶೋಧನಾಲಯ. ಗಿಡದ ಕುಡಿಯನ್ನು ಬೆಳಕಿನ ಕಡೆಗೆ ಚಾಚಿಸುವ, ಕತ್ತರಿಸಿ ನೆಟ್ಟ ಕಡ್ಡಿಗೆ ಬೇರು ಬರಿಸುವ ಹಾರ್ಮೋನು, ಬೇರೂ ಇಲ್ಲದ ಎಲೆಯೂ ಇಲ್ಲದ ಈ ಪಾಚಿಯನ್ನೂ ಬೆಳೆಸುತ್ತದೆ ಎನ್ನುವುದು ಅವರು ಕಂಡುಕೊಂಡದ್ದು. ಅವರಿಗೆ ಮಾರ್ಗದರ್ಶನ ಮಾಡುತ್ತಿದ್ದವರು ನಡುವೆಯೇ ತೀರಿಕೊಂಡು ಡಾಕ್ಟರೇಟು ಕೈತಪ್ಪಿತು. ಆದರೂ ಕಂಡದ್ದು ಕಂಡದ್ದೇ ತಾನೆ. ಯಾರ ಮದುವೆಗೆ ಹೋದರೂ ಪಕ್ಕದಲ್ಲಿ ಕುಳಿತವರಿಗೆ ಅಪ್ಪ ಅದನ್ನು ಹೇಳುತ್ತಿದ್ದರು. ಕೇಳಿದವರು ಆಕಳಿಕೆ ನುಂಗಿಕೊಂಡು ತಲೆಯಾಡಿಸುತ್ತಿದ್ದರು.

ಹಾರ್ಮೋನಿನ ಪುಡಿ ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಅಪ್ಪ ಅದನ್ನು ಒಂದು ಹನಿ ಕ್ಷಾರದಲ್ಲಿ ಕರಗಿಸಿ, ಆಮೇಲೆ ನೀರು ಬೆರೆಸಿ ಬಾಟಲಿಗೆ ಹಾಕುತ್ತಿದ್ದರು. ಹೋಲಿಕೆಗೆಂದು ಇಟ್ಟ, ಹಾರ್ಮೋನು ಇಲ್ಲದ ಬಾಟಲಿಗೆ ಬರೀ ನೀರು ಹಾಕಿದ್ದರು. ಅದಕ್ಕೂ ಆ ಒಂದು ಹನಿ ಹಾಕಬೇಕು ಎಂದು ಅವರಿಗೆ ಹೊಳೆಯಲಿಲ್ಲ. ಹೇಳಬೇಕಾದವರೂ ಇರಲಿಲ್ಲ. ಆಗಿದ್ದು ಇಷ್ಟೇ.

ಮಳೆಗಾಲ ಮುಗಿಯುವ ಹೊತ್ತಿಗೆ ಅಪ್ಪನಿಗೆ ಲಕ್ವ ಹೊಡೆದಿತ್ತು. ಬಲಗೈ, ಬಲಗಾಲು ಬಿದ್ದುಹೋಗಿದ್ದವು, ಮಾತೂ ಹೋಗಿತ್ತು. ಆಸ್ಪತ್ರೆಯ ಮಂಚದ ಪಕ್ಕ ನಿಂತು, ಏನು ಹೇಳಿದರೆ ಆ ಕಣ್ಣಿಗೆ ಬೆಳಕು ಬರುತ್ತದೆಂದು ಹುಡುಕುತ್ತ ಅವಳು, "ಅಪ್ಪ, ನಿಮ್ಮ ಪ್ರಯೋಗಾನ ನಮ್ಮ ಲ್ಯಾಬಿನಲ್ಲಿ ಮತ್ತೆ ಮಾಡ್ತೀನಿ. ಪೇಪರ್ ಕಳಿಸೋಣ. ಮೊದಲು ನಿಮ್ಮ ಹೆಸರು, ಆಮೇಲೆ ನನ್ನದು," ಎಂದಿದ್ದಳು. ಬೆಳಕು ಬಂದಿತ್ತು. ಮನೆಗೆ ಕರೆತಂದ ಮೇಲೆ ಒಂದೊಂದೇ ಪದ ತಿರುಗಿ ಬರತೊಡಗಿದಾಗ ನೀರು, ನೋವು, ಕಿಟಕಿ ಇವುಗಳ ಜೊತೆಗೇ ಬಂದ ಇನ್ನೊಂದು ಪದ, ಹಸಿರು. ಅವಳು ಸಂಜೆ ಬಾಗಿಲು ದೂಡಿ ಚಪ್ಪಲಿ ಬಿಡುವಷ್ಟರಲ್ಲಿ ಒಳಗಿನಿಂದ ಕೇಳುತ್ತಿದ್ದರು, "ಹಸಿರು?"

"ಇನ್ನೂ ನೋಡ್ಬೇಕಪ್ಪ," ಎನ್ನುತ್ತಿದ್ದಳು ಅವಳು. "ಆತುರ ಮಾಡಿದ್ರೆ ಪಾಚಿ ಬೆಳೆಯುತ್ತಾ? ನೀವೇ ಹೇಳ್ಕೊಟ್ಟಿದ್ದು." ಅಪ್ಪ ಬಾಯಿಯ ಒಂದೇ ಬದಿಯಿಂದ ನಗುತ್ತಿದ್ದರು.

ಇನ್ನೊಂದು ಸಲ ಹೊಡೆದರೆ ಕಷ್ಟ ಎಂದು ವೈದ್ಯರು ಹೇಳಿಯೇ ಕಳಿಸಿದ್ದರು.

ಆ ಸಂಜೆ ಅವಳು ಬಸ್ಸಿನಿಂದ ಒಂದು ನಿಲ್ದಾಣ ಮೊದಲೇ ಇಳಿದು ನಡೆದು ಹೋದಳು. ಮನೆಗೆ ಕ್ಷೌರಿಕ ಬಂದಿದ್ದ. ಅಂಗಡಿಯಲ್ಲಿ ಗಿರಾಕಿಗಳನ್ನು ಕಾಯಿಸಿ ಬಂದರೂ ಅವನು ಅವಸರ ಮಾಡುವವನಲ್ಲ. ಸೊಟ್ಟಗಾದ ಕೆನ್ನೆಯನ್ನು ಬೆರಳಿನಿಂದ ಮೆಲ್ಲಗೆ ಬಿಗಿಹಿಡಿದು, ಮಗುವಿನ ಮುಖವೆಂಬಂತೆ ಕ್ಷೌರ ಮಾಡುತ್ತಿದ್ದ. ಮುಖದ ತುಂಬ ನೊರೆ ಇದ್ದುದರಿಂದ ಅಪ್ಪನಿಗೆ ಪ್ರಶ್ನೆ ಕೇಳಲಾಗಲಿಲ್ಲ. ಅವಳು ನೇರ ಅಡುಗೆಮನೆಗೆ ಹೋದಳು.

ಅಮ್ಮ ಒಲೆಯ ಕಟ್ಟೆ ಒರೆಸುತ್ತಿದ್ದಳು. ಮಗಳ ಮುಖ ನೋಡಿ ಬಟ್ಟೆ ಬದಿಗಿಟ್ಟಳು. "ಏನಾಯ್ತೇ?"

ಅವಳು ಹೇಳಿದಳು. ಕ್ಷಾರ, ಹನಿ, ಮೂರನೆಯ ಫ್ಲಾಸ್ಕು ಎಲ್ಲವನ್ನೂ. ಅಮ್ಮನಿಗೆ ಅರ್ಧ ಅರ್ಥವಾಯಿತು; ಅಷ್ಟು ಸಾಕಾಗಿತ್ತು.

"ಅಂದ್ರೆ ಇಷ್ಟು ವರ್ಷ ಅವರು ಮಾಡಿದ್ದು..."

"ತಪ್ಪು ಅಂತಲ್ಲ ಅಮ್ಮ. ಬೆಳೆದಿದ್ದು ನಿಜ. ಹಾರ್ಮೋನಿನಿಂದ ಅಲ್ಲ, ಅಷ್ಟೇ."

"ಅಷ್ಟೇ ಅಂತೆ." ಅಮ್ಮ ಅಡುಗೆಮನೆಯ ಬಾಗಿಲನ್ನು ಮುಂದಕ್ಕೆ ದೂಡಿದಳು. "ನೋಡು, ಬೆಳೀತು ಅಂದುಬಿಡು. ಪಾಚಿ ಏನು ಸಾಕ್ಷಿ ಹೇಳೋಕೆ ಬರುತ್ತಾ? ನಾನು ಆ ಬಾಟಲಿಗಳ ಜೊತೆ ಸಂಸಾರ ಮಾಡಿದೋಳು. ಒಂದು ದಿನ ಊರಿಗೆ ಹೋಗೋಣ ಅಂದ್ರೆ, ಅದಕ್ಕೆ ನೀರು ಬದಲಾಯಿಸೋರು ಯಾರು ಅಂತಿದ್ರು. ಅಷ್ಟೂ ಸುಮ್ನೆ ಅಂತ ಈಗ ಹೇಳ್ತೀಯಾ ಅವರಿಗೆ? ಈ ಸ್ಥಿತೀಲಿ?"

"ಸುಳ್ಳು ಹೇಳೋಕೆ ನನಗೆ ಬರೋಲ್ಲ ಅಮ್ಮ."

"ಕಲಿ. ನಲವತ್ತು ದಾಟ್ತು, ಇನ್ಯಾವಾಗ ಕಲೀತೀಯಾ?"

ಕ್ಷೌರಿಕ ಹೋದ ಮೇಲೆ ಅವಳು ಅಪ್ಪನ ಮಂಚದ ಬಳಿ ಹೋದಳು. ನುಣುಪಾದ ಕೆನ್ನೆಯಲ್ಲಿ ಅವರು ಚಿಕ್ಕವರಾದಂತೆ ಕಾಣುತ್ತಿದ್ದರು. ಕಿವಿಯ ಹಿಂದೆ ಒಂದಿಷ್ಟು ನೊರೆ ಉಳಿದಿತ್ತು. ಅದನ್ನು ಒರೆಸುವ ನೆಪದಲ್ಲಿ ಅವಳು ಮುಖ ತಪ್ಪಿಸಿದಳು.

"ಹಸಿರು?"

"ಹಸಿರಾಗಿದೆ ಅಪ್ಪ," ಎಂದಳು. "ದಟ್ಟವಾಗಿ. ಬೆಳಕೇ ತೂರೋದಿಲ್ಲ."

ಅಪ್ಪ ಎಡಗೈ ಎತ್ತಿ ಅವಳ ಮಣಿಕಟ್ಟು ಹಿಡಿದರು. ಆ ಹಿಡಿತದಲ್ಲಿ ಅಷ್ಟು ಬಲ ಇನ್ನೂ ಉಳಿದಿದೆಯೆಂದು ಅವಳಿಗೆ ಗೊತ್ತಿರಲಿಲ್ಲ. ಬಾಗಿಲ ಬಳಿ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, "ಸರಿ ಹೋಯ್ತು, ನನ್ನ ಸವತಿ ಗೆದ್ದಳು," ಎಂದಳು. ಅಪ್ಪ ಗಂಟಲಿನಿಂದ ಸದ್ದು ಮಾಡಿ ನಕ್ಕರು. ಲಕ್ವ ಹೊಡೆದ ಮೇಲೆ ಅವರು ದನಿ ತೆಗೆದು ನಕ್ಕಿದ್ದು ಅದೇ ಮೊದಲು. ಮನೆಯೊಳಗೆ ಬಹಳ ದಿನಗಳ ಮೇಲೆ ಯಾರೋ ಕಿಟಕಿ ತೆಗೆದಂತಾಯಿತು. ಅವಳೂ ನಕ್ಕಳು. ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲವಲ್ಲ ಎಂದು ತನಗೆ ತಾನೇ ಹೇಳಿಕೊಂಡಳು.

ಮರುದಿನ ಪ್ರಯೋಗಾಲಯದಲ್ಲಿ ಅವಳು ಆ ಮೂರು ಫ್ಲಾಸ್ಕುಗಳನ್ನು ಮುಟ್ಟಲಿಲ್ಲ. ಪಿಪೆಟ್ಟು ಅವುಗಳಿಗೆ ಒಂದು ಕಾಗದ ಮರೆ ಮಾಡಿ ಇಟ್ಟಿದ್ದ.

ಸಂಜೆ ಮನೆಗೆ ಬಂದಾಗ ಅಪ್ಪ ದಿಂಬಿಗೆ ಒರಗಿ ಕಾಯುತ್ತಿದ್ದರು. ಮಧ್ಯಾಹ್ನವೆಲ್ಲ ನಿದ್ದೆ ಮಾಡಿಲ್ಲ, ಸೂರು ನೋಡುತ್ತ ಏನೋ ಲೆಕ್ಕ ಹಾಕುತ್ತಿದ್ದರು ಎಂದಳು ಅಮ್ಮ. ಖುಷಿ ಹೆಚ್ಚಾಗಿದೆ ಎಂದೇ ಅವಳ ಎಣಿಕೆ. ಅಪ್ಪ ಈ ಸಲ ಹಸಿರು ಎನ್ನಲಿಲ್ಲ. ಬಹಳ ಹೊತ್ತು ತುಟಿ ಕೂಡಿಸಿ ಬಿಡಿಸಿ, ಒಂದು ಹೊಸ ಪದವನ್ನು ಎಳೆದು ತಂದರು.

"ಕಂಟ್ರೋಲು?"

ಹೋಲಿಕೆಗೆಂದು ಇಟ್ಟ ಫ್ಲಾಸ್ಕು ಹೇಗಿದೆ ಎನ್ನುವುದು ಪ್ರಶ್ನೆ. ಪಾಚಿ ಮೇಷ್ಟ್ರ ಎದುರು ಯಾವ ವಿದ್ಯಾರ್ಥಿ ಯಾವ ಪ್ರಯೋಗದ ಬಗ್ಗೆ ಏನೇ ಬಡಾಯಿ ಕೊಚ್ಚಿದರೂ ಅವರು ಮೊದಲು ಕೇಳುತ್ತಿದ್ದ ಮಾತು ಅದು.

"ಅದು ತೆಳುವಾಗಿದೆ ಅಪ್ಪ. ನೀವು ಹೇಳ್ತಿದ್ದ ಹಾಗೇ."

ಇದೂ ನಿಜವೇ. ಇಲ್ಲಿಗೇ ನಿಲ್ಲಬಹುದಿತ್ತು. ಆದರೆ ಅಪ್ಪ ತಲೆ ಅಲ್ಲಾಡಿಸಿದರು. ಎಡಗೈಯನ್ನು ಹೊದಿಕೆಯಿಂದ ಹೊರತೆಗೆದು ಮೇಲೆತ್ತಿದರು. ಹೆಬ್ಬೆರಳನ್ನೂ ತೋರುಬೆರಳನ್ನೂ ಸೇರಿಸಿ, ಗಾಳಿಯಲ್ಲಿ ಡ್ರಾಪರಿನ ರಬ್ಬರು ಒತ್ತಿದಂತೆ, ಒಮ್ಮೆ ಮಾತ್ರ ಒತ್ತಿದರು. ಒಂದು ಹನಿ. ಆಮೇಲೆ ಅವಳ ಮುಖವನ್ನೇ ನೋಡಿದರು.

ಆ ಹನಿ ಕಂಟ್ರೋಲಿಗೂ ಬಿತ್ತೇ?

ಸೂರು ನೋಡುತ್ತ ಹಾಕಿದ ಲೆಕ್ಕ ಯಾವುದೆಂದು ಅವಳಿಗೆ ಆಗ ತಿಳಿಯಿತು. ಖುಷಿಯಲ್ಲಿ ಅವರು ಪ್ರಯೋಗವನ್ನು ಮೊದಲಿನಿಂದ ಕೊನೆಯವರೆಗೆ ಮನಸ್ಸಿನಲ್ಲೇ ಇನ್ನೊಮ್ಮೆ ಮಾಡಿ ನೋಡಿದ್ದರು. ಬಾಟಲಿ ತೊಳೆದು, ನೀರು ಅಳೆದು, ಪುಡಿ ತೂಗಿ, ಕ್ಷಾರದ ಹನಿ ಹಾಕಿ. ಅಲ್ಲಿಗೆ ಬಂದು ನಿಂತಿದ್ದರು.

ಅಡುಗೆಮನೆಯ ಬಾಗಿಲಲ್ಲಿ ನಿಂತ ಅಮ್ಮ ಬೇಡ ಬೇಡ ಎಂದು ಕೈಯಾಡಿಸುತ್ತಿದ್ದಳು. ಅಪ್ಪನ ಬೆರಳುಗಳು ಇನ್ನೂ ಮೇಲೆ ಒತ್ತಿಕೊಂಡೇ ಇದ್ದವು. ಬೇರೆ ಯಾವ ಪ್ರಶ್ನೆ ಕೇಳಿದ್ದರೂ ಅವಳು ತಪ್ಪಿಸಿಕೊಳ್ಳುತ್ತಿದ್ದಳೇನೋ.

"ಹಾಕಿ ನೋಡಿದೆ ಅಪ್ಪ," ಎಂದಳು. "ಅದೂ ಹಸಿರು."

"ಅಷ್ಟೇ?"

"ಅಷ್ಟೇ ಹಸಿರು."

ಅಪ್ಪನ ಕೈ ಮೆಲ್ಲಗೆ ಹೊದಿಕೆಯ ಮೇಲೆ ಇಳಿಯಿತು. ಅವರು ಅಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಗೋಡೆಯ ಕಡೆ ತಿರುಗಲು ನೋಡಿದರು. ಮೈ ಸಹಕರಿಸಲಿಲ್ಲ. ಮತ್ತೊಮ್ಮೆ ನೋಡಿದರು. ಕೊನೆಗೆ ಅವಳೇ ಭುಜದ ಅಡಿಗೆ ಕೈ ಕೊಟ್ಟು, ಬೆನ್ನಿಗೆ ದಿಂಬು ಇಟ್ಟು, ಅಪ್ಪನನ್ನು ತನ್ನಿಂದ ಆಚೆ ತಿರುಗಿಸಿ ಮಲಗಿಸಬೇಕಾಯಿತು.

ಅಂದಿನಿಂದ ಅಪ್ಪ ಸಂಜೆ ಏನನ್ನೂ ಕೇಳಲಿಲ್ಲ. ಅವಳು ಚಪ್ಪಲಿ ಬಿಡುವಾಗ ಬೇಕೆಂದೇ ಸದ್ದು ಮಾಡುತ್ತಿದ್ದಳು, ಬಾಗಿಲನ್ನು ಎರಡು ಸಲ ಹಾಕುತ್ತಿದ್ದಳು. ಒಳಗೆ ಗಡಿಯಾರದ ಸದ್ದು ಮಾತ್ರ. ನೀರು, ನೋವು, ಕಿಟಕಿ ಇವೆಲ್ಲ ಇದ್ದವು. ಆ ಪದ ಮತ್ತೆ ಬರಲಿಲ್ಲ. ಅವಳ ಮೇಲೆ ಅವರಿಗೆ ಸಿಟ್ಟಿರಲಿಲ್ಲ. ಅವಳು ಬೆನ್ನು ಒರೆಸುವಾಗ, ಬಟ್ಟೆ ಬದಲಿಸುವಾಗ ಮೊದಲಿನಂತೆಯೇ ಮೈ ಸಡಿಲ ಬಿಟ್ಟು ಸಹಕರಿಸುತ್ತಿದ್ದರು. ಸಿಟ್ಟಾದರೂ ಮಾಡಿದ್ದರೆ ಎಂದು ಅವಳಿಗೆ ಅನಿಸುತ್ತಿತ್ತು.

ಸಿಟ್ಟು ಅಮ್ಮನದು. "ಅವರ ಹತ್ರ ಇದ್ದಿದ್ದೇ ನಾಲ್ಕು ಮಾತು," ಎಂದಳು ಒಂದು ದಿನ, ಬಟ್ಟೆ ಮಡಚುತ್ತ, ಮಗಳ ಕಡೆ ನೋಡದೆ. "ಅದರಲ್ಲಿ ಒಂದನ್ನ ನೀನು ಕಿತ್ಕೊಂಡೆ."

ಆಮೇಲೆ ಅಮ್ಮ ಅವಳೊಡನೆ ಮಾತಾಡುವುದನ್ನೇ ಬಿಟ್ಟಳು. ಹಾಲಿನವನಿಗೆ ಹೇಳಿಸಬೇಕಾದ್ದನ್ನು ಗೋಡೆಗೆ ಹೇಳುತ್ತಿದ್ದಳು. ಮಗಳು ಕೇಳಿಸಿಕೊಂಡು ಹಾಲಿನವನಿಗೆ ಮುಟ್ಟಿಸುತ್ತಿದ್ದಳು.

ಮಾವು ಚಿಗುರುವ ಹೊತ್ತಿಗೆ ಅಪ್ಪ ತೀರಿಕೊಂಡರು. ಬೆಳಿಗ್ಗೆ ಕ್ಷೌರಿಕ ಬಂದು ಕೆನ್ನೆ ಮುಟ್ಟಿದಾಗಲೇ ಗೊತ್ತಾದದ್ದು. ಅವನು ಕತ್ತಿಯನ್ನು ಮಡಚಿಟ್ಟು, ಕಿಟಕಿಯ ಪರದೆ ಎಳೆದ. ಹಿಂದಿನ ರಾತ್ರಿ ಇನ್ನೊಂದು ಸಲ ಹೊಡೆದಿರಬೇಕು, ನೋವಾಗಿರಲಾರದು ಎಂದರು ವೈದ್ಯರು. ನಿನ್ನಿಂದಾಗಿ ಎಂದು ಯಾರೂ ಅವಳಿಗೆ ಹೇಳಲಿಲ್ಲ. ಅಮ್ಮನೂ ಹೇಳಲಿಲ್ಲ. ಬಂದ ಹಳೆಯ ವಿದ್ಯಾರ್ಥಿಗಳು, ಈಗ ಅವರ ತಲೆಯೂ ನರೆತಿತ್ತು, ಅಪ್ಪನ ಕತ್ತೆಗಳಾ ಎನ್ನುವ ಬೈಗುಳವನ್ನು ನೆನೆದು ನಕ್ಕು ಅತ್ತರು. ಒಬ್ಬರು ಅವಳ ಕೈ ಹಿಡಿದು, "ಮೇಷ್ಟ್ರ ಆ ಹಾರ್ಮೋನು ಪ್ರಯೋಗ ನೀವು ಮುಂದುವರಿಸ್ತಿದೀರಂತೆ, ಒಳ್ಳೇದಾಯ್ತು," ಎಂದರು. ಅವಳು ತಲೆಯಾಡಿಸಿದಳು.

ಮತ್ತೆ ಕೆಲಸಕ್ಕೆ ಹೋದ ದಿನ ಅಪ್ಪನ ಪಾಚಿ ಸತ್ತಿರುತ್ತದೆ ಎಂದೇ ತಿಳಿದಿದ್ದಳು. ಇಷ್ಟು ದಿನ ನೀರು ಬದಲಾಯಿಸದೆ ಬಿಟ್ಟರೆ ಅದು ಹಳದಿಗಟ್ಟಿ, ಒಡೆದು, ನೀರಿಗೆ ನೀಲಿ ಬಣ್ಣ ಬಿಡುತ್ತದೆ. ಕಪಾಟಿನ ಬಾಗಿಲು ತೆಗೆದರೆ ತೊಳೆದ ಫ್ಲಾಸ್ಕು, ಹೊಸ ಹತ್ತಿ, ತಿಳಿಯಾದ ಹೊಸ ನೀರು, ಅದರಲ್ಲಿ ಎಳೆಯ ಹಸಿರು. ಚೀಟಿಯ ಮೇಲಿನ ಅಕ್ಷರ ಪಿಪೆಟ್ಟಿನದು. ಅವನು ತನ್ನ ಮೇಜಿನಿಂದ ತಲೆ ಎತ್ತಲಿಲ್ಲ. "ಹತ್ತಿ ಸ್ವಲ್ಪ ಸಡಿಲ ಆಗಿದೆ ಅನ್ಸುತ್ತೆ ಅಕ್ಕ, ನೋಡ್ಕೋ. ನನಗೆ ನಿನ್ನ ಹಾಗೆ ಬರೋಲ್ಲ," ಎಂದಷ್ಟೇ ಹೇಳಿದ.

ಅದಾದ ಮೇಲೆ ಒಂದು ಮಧ್ಯಾಹ್ನ ಬಾಗಿಲಲ್ಲಿ ಅಮ್ಮ ನಿಂತಿದ್ದಳು.

ಮಗಳು ಇಲ್ಲಿ ಕೆಲಸಕ್ಕೆ ಸೇರಿದಂದಿನಿಂದ ಅಮ್ಮ ಒಮ್ಮೆಯೂ ಒಳಗೆ ಕಾಲಿಟ್ಟಿರಲಿಲ್ಲ. ಬಸ್ಸು ಬದಲಾಯಿಸಿ ಬರಬೇಕು, ಮೆಟ್ಟಿಲು ಹತ್ತಬೇಕು. ಕೈಯಲ್ಲಿ ಒಂದು ಬಟ್ಟೆಯ ಚೀಲ. ಏದುಸಿರು ಬಿಡುತ್ತ ಒಳಗೆ ಬಂದು, ಪಿಪೆಟ್ಟು ಎಳೆದುಕೊಟ್ಟ ಸ್ಟೂಲಿನ ಮೇಲೆ ಕುಳಿತು, ಸಾಲು ಸಾಲು ಗಾಜನ್ನು ನೋಡಿದಳು.

"ಇಷ್ಟು ಗಾಜು ಯಾರು ತೊಳೀತಾರೆ?"

ಕೇಳಿದ್ದು ಗೋಡೆಯನ್ನಲ್ಲ, ತನ್ನನ್ನೇ ಎಂದು ತಿಳಿಯಲು ಅವಳಿಗೆ ಒಂದು ಕ್ಷಣ ಬೇಕಾಯಿತು.

"ನಾವೇ ಅಮ್ಮ."

"ಮನೇಲಿ ಒಂದು ಲೋಟ ತೊಳೆದೋಳಲ್ಲ." ಪಿಪೆಟ್ಟು ನಕ್ಕು, ಏನೋ ನೆಪ ಮಾಡಿಕೊಂಡು ಹೊರಗೆ ಹೋದ. ಅಮ್ಮ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡಳು. "ಅವರದು ಯಾವುದು?"

ಅವಳು ಕಪಾಟಿನಿಂದ ಫ್ಲಾಸ್ಕನ್ನು ತಂದು ಮೇಜಿನ ಮೇಲಿಟ್ಟಳು. ಅಮ್ಮ ಅದನ್ನು ಮುಟ್ಟಲಿಲ್ಲ. ಬಗ್ಗಿ, ಕನ್ನಡಕ ಸರಿಮಾಡಿಕೊಂಡು ನೋಡಿದಳು. ಅಷ್ಟು ವರ್ಷ ಬೈದುಕೊಂಡು ಒರೆಸಿದ ಬಾಟಲಿಗಳನ್ನು ಅವಳು ಇಷ್ಟು ಹತ್ತಿರದಿಂದ ನೋಡಿದ್ದಳೋ ಇಲ್ಲವೋ.

"ಏನು, ಪೇಲವ ಆಗಿದೆ?"

"ಇನ್ನೂ ಎಳೇದು."

"ಆ ಹನಿ ಹಾಕಿದೀಯಾ ಇದಕ್ಕೆ?"

"ಇಲ್ಲಮ್ಮ."

"ಹಾಕು," ಎಂದಳು ಅಮ್ಮ. "ಅದಕ್ಕೆ ಇಷ್ಟ ಅಂತ ಗೊತ್ತಾಯ್ತಲ್ಲ. ಗೊತ್ತಾದ ಮೇಲೆ ಯಾಕೆ ಕೊಡಬಾರ್ದು?"

ಅವಳು ಕ್ಷಾರದ ಶೀಸೆ ತೆಗೆದಳು. ದೀಪ ಹೊತ್ತಿಸಿ, ಬಿರಡೆ ಎಳೆದು, ಬೇರೇನೂ ಸೇರದಂತೆ ಜ್ವಾಲೆಯ ಬಳಿಯೇ ಹಿಡಿದು, ಒಂದು ಹನಿ ಬಿಟ್ಟಳು. ಹನಿ ಹಸಿರಿನೊಳಗೆ ಎಲ್ಲಿ ಹೋಯಿತೆಂದು ಕಾಣಲಿಲ್ಲ. ಅಮ್ಮ ಕೊನೆಯವರೆಗೂ ಅವಳ ಕೈಯನ್ನೇ ನೋಡುತ್ತಿದ್ದಳು. ಆಮೇಲೆ ಚೀಲದ ಬಾಯಿ ಬಿಚ್ಚಿ ಒಂದು ಡಬ್ಬಿ ಹೊರತೆಗೆದಳು.

"ಒಳಗೆ ತಿನ್ನೋ ಹಾಗಿಲ್ಲ ಅಮ್ಮ."

"ಹಾಗಾದ್ರೆ ಹೊರಗೆ ಬಾ."

ಮೊಗಸಾಲೆಯ ಬೆಂಚಿನ ಮೇಲೆ ಬಿಸಿಲು ಅರ್ಧ ಬಿದ್ದಿತ್ತು. ಅಮ್ಮ ಬಿಸಿಲಿದ್ದ ಕಡೆ ತಾನು ಕುಳಿತು, ನೆರಳಿನ ಭಾಗವನ್ನು ಬಿಟ್ಟಳು. ಡಬ್ಬಿಯ ಮುಚ್ಚಳ ತೆಗೆದು ತನ್ನ ತೊಡೆಯ ಮೇಲಿಟ್ಟುಕೊಂಡಳು. ಚಮಚವನ್ನು ಸೆರಗಿನ ತುದಿಯಿಂದ ಒರೆಸಿ, ಅನ್ನದಲ್ಲಿ ಊರಿ, ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಮಗಳ ಕಡೆ ಚಾಚಿದಳು.